ಲಂಕಾವಿಯಲ್ಲಿ ಕೂತು ತಿಂದ ತಿಂಡಿ

ಅಷ್ಟಮಿ ಹತ್ತಿರ ಬಂತೆಂದರೆ ಮಂಗಳೂರಿನ ಉರ್ವ ಮಾರ್ಕೆಟಿನ ಹೊರಗೆ ಮೂಡೆಯ ಕೊಟ್ಟೆ ಮಾರುವ ಹೆಂಗಸರು ಬಂದು ಕೂರುತ್ತಾರೆ. ಕೇದಗೆ ಜಾತಿಯ ಮುಂಡೇವಿನ ಉದ್ದ ಎಲೆಯ ಮುಳ್ಳು ಹೆರೆದು, ಬೆಂಕಿಯಲ್ಲಿ ಬಾಡಿಸಿ, ಲೋಟದ ಹಾಗೆ ಸುತ್ತಿ, ಕಡ್ಡಿ ಚುಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಅದರೊಳಗೆ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ. ನಿನ್ನೆ ನಾನೂ ಒಂದು ಚೀಲ ಕೊಟ್ಟೆ ತೆಗೆದುಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಮಳೆ ಹನಿದು ಎಲೆ ಒದ್ದೆಯಾಯಿತು. ಸೊಪ್ಪಿನದ್ದೂ ಅಲ್ಲ, ಹೂವಿನದ್ದೂ ಅಲ್ಲ ಎನ್ನುವಂಥ ಆ ಪರಿಮಳ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಗೆ ಹಬ್ಬ ನೆನಪಾಗುತ್ತದೆ. ನನಗೆ ಲಂಕಾವಿ ನೆನಪಾಗುತ್ತದೆ, ಮೈಯೆಲ್ಲ ಉರಿಯುತ್ತದೆ.

ಲಂಕಾವಿ ಮಲೇಷ್ಯಾದ ಒಂದು ದ್ವೀಪ. ಕೊರೊನಾ ಕಳೆದು ಊರಿನ ಹೋಟೆಲುಗಳು ಮತ್ತೆ ತಲೆ ಎತ್ತುತ್ತಿದ್ದ ವರ್ಷ, ಆಟಿ ತಿಂಗಳ ಮಳೆಯಲ್ಲಿ, ನಾನು, ನನ್ನ ಗಂಡ ವಿಶ್ವನಾಥ ಮತ್ತು ಅವರ ಅಕ್ಕ ಸುಮತಿ ಅಲ್ಲಿಗೆ ಒಂದು ವಾರದ ರಜೆಗೆ ಹೋಗಿದ್ದೆವು. ನಾವು ಅಲ್ಲಿ ಒಳ್ಳೆಯ ತಿಂಡಿ ಹುಡುಕುತ್ತಾ ತಿರುಗುತ್ತಿದ್ದಾಗ ಇಲ್ಲಿ ಕುದ್ರೋಳಿಯಲ್ಲಿ ನನ್ನ ಗಂಡನ ಹೋಟೆಲನ್ನು ಖಾಲಿ ಮಾಡುತ್ತಿದ್ದರು. ಅದಕ್ಕೇ ನಮ್ಮನ್ನು ಕಳಿಸಿದ್ದು. ಮೂವರಲ್ಲಿ ಅದು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಬದಿಗಿಟ್ಟು ಆ ವಾರದ ಯಾವುದನ್ನೂ ನೆನೆಯಲು ಈಗ ನನ್ನಿಂದ ಆಗುವುದಿಲ್ಲ.

ಹೋಟೆಲು ಎಂದರೆ ದೊಡ್ಡದೇನಲ್ಲ. ನಾಲ್ಕು ಮೇಜು, ಒಂದು ಗಲ್ಲಾ, ಹಿಂದೆ ಹೊಗೆ ಹಿಡಿದ ಅಡಿಗೆಕೋಣೆ. ಬೆಳಿಗ್ಗೆ ಕಡ್ಲೆ ಬಜಿಲು, ಬನ್ಸ್, ನೀರುದೋಸೆ. ಭಾನುವಾರ ಮೂಡೆ ಮತ್ತು ಕಡ್ಲೆ ಗಸಿ. ಬಂದರಿನ ಕಡೆ ಕೆಲಸಕ್ಕೆ ಹೋಗುವವರು, ಮೀನಿನ ಟೆಂಪೊದವರು, ದೇವಸ್ಥಾನಕ್ಕೆ ಬಂದವರು, ಆಚೀಚೆಯ ಬ್ಯಾರಿ ಅಂಗಡಿಯವರು, ಎಲ್ಲರಿಗೂ ಅದು ವಿಶ್ವಣ್ಣನ ಹೋಟೆಲು. ಆದರೆ ಕಟ್ಟಡ ವಿಶ್ವಣ್ಣನದ್ದಲ್ಲ. ಅದನ್ನು ಕಟ್ಟಿದ್ದು ಅವರ ಸೋದರಮಾವ. ನಮ್ಮ ತುಳುವರಲ್ಲಿ ಹಿಂದಿನಿಂದ ಬಂದ ಕಟ್ಟು ಏನೆಂದರೆ ಕುಟುಂಬದ ಆಸ್ತಿ ಹೆಣ್ಣಿನ ದಾರಿಯಲ್ಲಿ ಹೋಗುವುದು. ಮಾವನದ್ದು ಅವನ ತಂಗಿಯ ಮಗಳಿಗೆ, ಅವಳಿಂದ ಅವಳ ಮಕ್ಕಳಿಗೆ. ಕಾನೂನು ಈಗ ಬೇರೆ ಹೇಳಬಹುದು, ಮನೆಗಳಲ್ಲಿ ಅನೇಕರು ಈಗಲೂ ಹಾಗೆಯೇ ನಡೆಯುತ್ತಾರೆ. ಮಾವ ತೀರಿಕೊಳ್ಳುವ ಮೊದಲು ಕಟ್ಟಡವನ್ನು ಸುಮತಿಯಕ್ಕನ ಹೆಸರಿಗೆ ಮಾಡಿ, ಒಲೆಯನ್ನು ನನ್ನ ಗಂಡನಿಗೆ ಬಿಟ್ಟರು. ಇವರು ಅದನ್ನು ಎಂದೂ ತಪ್ಪು ಎಂದವರಲ್ಲ. ನನಗೂ ಹೇಳುವ ಬಾಯಿ ಇಲ್ಲ. ನಾವು ಇರುವ ಉರ್ವದ ಈ ಮನೆ ನನ್ನ ಅಮ್ಮನ ಕಡೆಯಿಂದ ಅದೇ ಕಟ್ಟಿನಲ್ಲಿ ನನಗೆ ಬಂದದ್ದು.

ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದು, ನಸುಕಿಗೇ ಎದ್ದು ಸ್ಕೂಟರ್ ಹತ್ತಿ ಹೋಗುವ ಮನುಷ್ಯನನ್ನು. ನಾನು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದೆ. ನನಗೆ ದಸರಾ ರಜೆ, ಬೇಸಿಗೆ ರಜೆ ಎಲ್ಲ ಇತ್ತು, ಇವರಿಗೆ ಒಂದೂ ಇರಲಿಲ್ಲ. ಊರಿಗೆಲ್ಲ ತಿಂಡಿ ಕೊಡುವ ಇವರು ತಾನು ಮಾತ್ರ ಒಲೆಯ ಪಕ್ಕ ನಿಂತು, ಹರಿದ ದೋಸೆಯನ್ನೋ ಸೀದ ಬನ್ಸನ್ನೋ ಬಾಯಿಗೆ ಹಾಕಿಕೊಂಡು, ಮೇಲಿಂದ ಅರ್ಧ ಲೋಟ ಚಾ ಸುರಿದುಕೊಂಡರೆ ಮುಗಿಯಿತು. "ಒಂದು ದಿನ ಕೂತು ತಿನ್ನಿ ಮಾರಾಯ್ರೆ" ಎಂದರೆ, "ನಾನು ಕೂತ್ರೆ ಗಿರಾಕಿಗೆ ಕೊಡುದು ಯಾರು?" ಎನ್ನುತ್ತಿದ್ದರು. ಕೊರೊನಾದಲ್ಲಿ ಎಲ್ಲ ಮುಚ್ಚಿದಾಗ ಹೋಟೆಲು ಇನ್ನು ಏಳುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಇವರು ಶಟರ್ ಅರ್ಧ ಎತ್ತಿ ಪಾರ್ಸೆಲ್ ಕೊಟ್ಟು ಕೊಟ್ಟು, ಬಿಟ್ಟು ಹೋದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಮತ್ತೆ ಕೂಡಿಸಿಕೊಂಡರು. ಹಾಗಾಗಿ ಆ ವರ್ಷ ಹೋಟೆಲು ಇವರಿಗೆ ಜೀವಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. ಹುಷಾರಾಗಿ ಎದ್ದ ಮಗುವನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದರು.

ಅಕ್ಕನ ಮಗ ನಿತಿನ್ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಆಟಿ ಶುರುವಾಗುವ ಹೊತ್ತಿಗೆ ರಜೆಯಲ್ಲಿ ಬಂದವನು, ತೊಕ್ಕೊಟ್ಟಿನ ತನ್ನ ಮನೆಯಿಂದ ಅಕ್ಕನನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದ. ಕೈಯಲ್ಲಿ ಖರ್ಜೂರದ ಡಬ್ಬ, ಬಾಯಲ್ಲಿ ಅದಕ್ಕಿಂತ ಸಿಹಿ.

"ಮಾಮ, ಆಟಿಯಲ್ಲಿ ಹೇಗೂ ವ್ಯಾಪಾರ ಕಮ್ಮಿ. ಒಂದು ವಾರ ಹೋಟೆಲು ಮುಚ್ಚಿ. ನೀವು, ಮಾಮಿ, ಅಮ್ಮ ಲಂಕಾವಿಗೆ ಹೋಗಿ ಬನ್ನಿ. ಟಿಕೆಟ್, ರೂಮು ಎಲ್ಲ ನಾನು ಮಾಡ್ತೇನೆ."

"ಮುಚ್ಚುದಾ? ಗಿರಾಕಿಗೆ ಬೇರೆ ಕಡೆ ಅಭ್ಯಾಸ ಆದ್ರೆ ಮತ್ತೆ ಈ ಕಡೆ ಬರುದಿಲ್ಲ ಮಾರಾಯ," ಎಂದರು ಇವರು.

"ಸುಮ್ಮನೆ ಮುಚ್ಚುದಲ್ಲ ಮಾಮ, ರಿಪೇರಿ. ನೆಲಕ್ಕೆ ಟೈಲ್ಸ್ ಹಾಕಿಸ್ತೇನೆ, ಗೋಡೆಗೆ ಬಣ್ಣ ಹೊಡೆಸ್ತೇನೆ. ನೀವು ಬರುವಾಗ ಹೊಸ ಹೋಟೆಲು. ನೀವು ಇಲ್ಲಿದ್ರೆ ಆ ಕೆಲಸ ಆಗುದಿಲ್ಲ. ನಡುವಲ್ಲಿ ದೋಸೆ ಹೊಯ್ಲಿಕ್ಕೆ ಶುರು ಮಾಡ್ತೀರಿ."

ನಾವೆಲ್ಲ ನಕ್ಕೆವು. ಇವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಆಟಿಯಲ್ಲಿ ನಮ್ಮಲ್ಲಿ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಮನೆಗೆ ಒಂದು ಕುರ್ಚಿ ತರುವುದಿದ್ದರೂ ಸೋಣ ತಿಂಗಳು ಬರಲಿ ಎನ್ನುತ್ತಾರೆ. ನಾನು ಅದನ್ನು ಹೇಳಿದೆ. ಇಂಥ ವಿಷಯದಲ್ಲಿ ನನಗಿಂತ ಹತ್ತು ಪಟ್ಟು ಕಟ್ಟುನಿಟ್ಟಿನ ಅಕ್ಕ, "ರಿಪೇರಿಗೆ ಆಟಿ ಎಂತದ್ದು ಜಲಜ, ಹೊಸತು ಕಟ್ಟುದು ಅಲ್ವಲ್ಲ" ಎಂದರು. ಅದು ಸತ್ಯವೇ ಆಗಿತ್ತು ಎಂದು ಈಗ ಅನಿಸುತ್ತದೆ, ಕಟ್ಟುವ ಯೋಚನೆ ಅವರಿಗೆ ಇರಲೇ ಇಲ್ಲ. ಹೊರಡುವ ದಿನ ಇವರು ಒಲೆ ಒರಸಿ, ಕೆಲಸದವರಿಗೆ ರಜೆ ಹೇಳಿ, ಕೀ ಗೊಂಚಲನ್ನು ನಿತಿನ್ ಕೈಯಲ್ಲಿ ಇಟ್ಟರು. "ಗ್ರೈಂಡರನ್ನು ಜಾಗ್ರತೆ ಸರಿಸ್ಬೇಕು ಆಯ್ತಾ, ಕಲ್ಲು ಮಾವನ ಕಾಲದ್ದು" ಎಂದರು.

ಲಂಕಾವಿಯಲ್ಲಿ ನಮ್ಮನ್ನು ಇಳಿಸಿದ್ದು ಸಮುದ್ರದ ಎದುರಿನ ಒಂದು ರೆಸಾರ್ಟಿನಲ್ಲಿ. ಸಮುದ್ರದ ಬುಡದಲ್ಲೇ ಹುಟ್ಟಿ ಬೆಳೆದ ನಮಗೆ ಸಮುದ್ರ ತೋರಿಸಿ ಎಂತ ಆಗಬೇಕು? ಅಕ್ಕ ಮಾತ್ರ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತವರು ಏಳಲಿಲ್ಲ. ಮಂಡಿನೋವು ಎಂದರು. ಫೋನು ಯಾವಾಗಲೂ ಅವರ ಮಡಿಲಲ್ಲೇ ಇರುತ್ತಿತ್ತು, ರಿಂಗಾದರೆ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದರು. ಮಗ ದೂರದಲ್ಲಿ ಇರುವವನು, ಸಿಕ್ಕಿದ ರಜೆಯಲ್ಲೂ ಅವನನ್ನು ಬಿಟ್ಟು ಬಂದಿದ್ದಾರೆ ಪಾಪ ಎಂದು ನಾನೇ ಮರುಗಿದೆ.

ಮೊದಲ ಬೆಳಿಗ್ಗೆ ರೆಸಾರ್ಟಿನ ಊಟದ ಹಾಲಿಗೆ ಹೋದೆವು. ಬ್ರೆಡ್ಡು, ಬೆಣ್ಣೆ, ಸಿಹಿ ಸಾಸಿನಲ್ಲಿ ಮುಳುಗಿದ ಬೀನ್ಸು, ಹತ್ತು ನಮೂನೆಯ ಮೊಟ್ಟೆ. ಮೂಲೆಯಲ್ಲಿ 'ಇಂಡಿಯನ್' ಎಂದು ಬರೆದು ಇಟ್ಟ ಪಾತ್ರೆಯಲ್ಲಿ ಇಡ್ಲಿ. ಇವರು ಒಂದನ್ನು ತಟ್ಟೆಗೆ ಹಾಕಿ, ಬೆರಳಿನಿಂದ ಒತ್ತಿ ನೋಡಿ, ಮೆಲ್ಲ ಬದಿಗೆ ಸರಿಸಿದರು. "ಪಾಪ, ಮಾಡಿದವ ಇಡ್ಲಿ ತಿಂದವನಲ್ಲ" ಎಂದರು. ಸುತ್ತ ಕೂತವರೆಲ್ಲ ನಮ್ಮ ಹಾಗೆ ಬೇರೆ ಬೇರೆ ದೇಶದಿಂದ ಬಂದವರು. ಬಡಿಸುವ ಹುಡುಗಿಯರು ಮಾತ್ರ ಅಲ್ಲಿಯವರು. ಇವರು ಅವರನ್ನೇ ನೋಡುತ್ತಾ ಕೂತಿದ್ದರು.

"ಇವರು ಬೆಳಿಗ್ಗೆ ಮನೆಯಿಂದ ಬರುವಾಗ ಇದನ್ನು ತಿಂದು ಬರುದಿಲ್ಲ ಮಾರಾಯ್ತಿ. ಇವರದ್ದು ಬೇರೆ ಎಂತದ್ದೋ ಉಂಟು. ಅದು ಎಲ್ಲಿ ಸಿಕ್ತದೆ ನೋಡ್ಬೇಕು."

ಮರುದಿನ ಬೆಳಿಗ್ಗೆ ಊರಿನ ಅಭ್ಯಾಸದಂತೆ ಇವರಿಗೆ ಎಚ್ಚರವಾಯಿತು. ಅಲ್ಲಿಯ ಗಡಿಯಾರ ನಮಗಿಂತ ಮುಂದೆ, ಹೊರಗೆ ಆಗಲೇ ಬೆಳಕು ಹರಿಯುತ್ತಿತ್ತು. ನಾವಿಬ್ಬರೂ ಹೊರಟೆವು. ಬೀಚಿನ ರಸ್ತೆಯಲ್ಲಿ ತೆರೆದಿದ್ದ ಹೋಟೆಲುಗಳಲ್ಲೆಲ್ಲ ಅದೇ ಬ್ರೆಡ್ಡು, ಅದೇ ಮೊಟ್ಟೆ, ಜೊತೆಗೆ ಪ್ರವಾಸಿಗಳ ದರ. ಒಂದು ಕಡೆ ಕೂತು ನಾನು ಪ್ಯಾನ್‌ಕೇಕ್ ತಿಂದೆ, ಇವರು ಎದುರಿಗೆ ಕೂತು ಮುಖ ಹುಳಿ ಮಾಡಿಕೊಂಡರು. "ನಮ್ಮ ಊರಿಗೆ ಬಂದವರು ದೊಡ್ಡ ಹೋಟೆಲಿನಲ್ಲಿ ಬ್ರೆಡ್ ತಿಂದು ಮಂಗಳೂರು ನೋಡಿದೆ ಅಂತ ಹೇಳಿದ್ರೆ ಹೇಗೆ? ಹಾಗೇ ಇದು," ಎಂದರು. ಅದರ ಮರುದಿನ ಬೀಚು ಬಿಟ್ಟು ಒಳಗಿನ ದಾರಿ ಹಿಡಿದೆವು. ಗದ್ದೆ, ಗದ್ದೆಯಲ್ಲಿ ಎಮ್ಮೆ, ಕಾಲು ಕೊಟ್ಟು ಎತ್ತರಿಸಿ ಕಟ್ಟಿದ ಮರದ ಮನೆಗಳು. ಮಳೆ ಬಂದು ನಿಂತಿತ್ತು. ಒಂದು ತಿರುವಿನಲ್ಲಿ ಇವರು ಗಕ್ಕನೆ ನಿಂತರು.

"ಮೂಡೆ ಬೇಯ್ತಾ ಉಂಟು," ಎಂದರು.

"ಇಲ್ಲಿ ಎಂತ ಮೂಡೆ? ನಿಮಗೆ ಹೋಟೆಲಿನದ್ದೇ ಕನಸು."

"ಮೂಗು ಉಂಟಲ್ಲ ನಿನಗೂ, ನೋಡು."

ನಿಜ. ಬಾಡಿಸಿದ ಎಲೆಯದ್ದೇ ಪರಿಮಳ, ಅದರ ಹಿಂದೆ ತೆಂಗಿನಹಾಲು. ವಾಸನೆಯ ಜಾಡು ಹಿಡಿದು ಹೋದರೆ ನೀಲಿ ಟರ್ಪಾಲಿನ ಕೆಳಗೆ ಒಂದು ತಿಂಡಿ ಅಂಗಡಿ. ಎರಡು ಮೇಜು, ಪ್ಲಾಸ್ಟಿಕ್ ಸ್ಟೂಲುಗಳು, ದೊಡ್ಡ ಪಾತ್ರೆಯ ಹಿಂದೆ ತಲೆಗೆ ಬಟ್ಟೆ ಸುತ್ತಿಕೊಂಡ, ನನ್ನದೇ ಪ್ರಾಯದ ಒಬ್ಬ ಹೆಂಗಸು. ಬೈಕಿನಲ್ಲಿ ಬಂದವರು ಇಳಿಯದೆ ಕೈ ಚಾಚುತ್ತಿದ್ದರು, ಅವಳು ಬಾಳೆಲೆಯ ಪೊಟ್ಟಣ ಕೊಡುತ್ತಿದ್ದಳು. ಎಲ್ಲರೂ ಅವಳನ್ನು ಮಕ್ಚಿಕ್ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಅದು ಚಿಕ್ಕಮ್ಮ ಎಂದ ಹಾಗೆ ಅಂತೆ. ಹೇಳಿದವನು ಅಲ್ಲಿ ಚಾ ಕುಡಿಯುತ್ತಿದ್ದ ಒಬ್ಬ ತಮಿಳು ಟ್ಯಾಕ್ಸಿ ಡ್ರೈವರ್. ನಮ್ಮ ಹೋಟೆಲಿನಲ್ಲಿ ಹಿಂದೆ ಒಬ್ಬ ತಮಿಳು ಅಡಿಗೆಯವನಿದ್ದ, ಹಾಗಾಗಿ ಇವರಿಗೆ ಮುರುಕು ತಮಿಳು ಬರುತ್ತದೆ. ಅಲ್ಲಿಂದ ಮುಂದೆ ಅವನೇ ನಮಗೆ ಬಾಯಿ.

ಪೊಟ್ಟಣ ಬಿಚ್ಚಿದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಬಿಳಿ ಅನ್ನ, ಬದಿಯಲ್ಲಿ ಕೆಂಪು ಖಾರ, ಹುರಿದ ನೆಲಕಡಲೆ, ಎರಡು ತುಂಡು ಮುಳ್ಳುಸೌತೆ, ಅರ್ಧ ಮೊಟ್ಟೆ, ಗರಿಗರಿಯಾದ ಒಣಗಿದ ಸಣ್ಣ ಮೀನು. ನಾಸಿ ಲೆಮಾಕ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಮಾಡುವ ಒಣಮೀನಿನ ಚಟ್ನಿಗೂ ಆ ಖಾರಕ್ಕೂ ಅಷ್ಟೇನೂ ದೂರವಿಲ್ಲ. ಇವರು ಮೊದಲ ತುತ್ತನ್ನು ಮೆಲ್ಲ ಅಗಿದರು. ಎರಡನೆಯದನ್ನು ತಿಂದು ಎದ್ದು ಸೀದಾ ಪಾತ್ರೆಯ ಹತ್ತಿರ ಹೋಗಿ ಇಣುಕಿದರು. ಗ್ರಾಹಕ ಅಡಿಗೆಕೋಣೆಗೆ ಬಂದರೆ ಇವರೇ ಬೈದು ಅಟ್ಟುತ್ತಿದ್ದರು, ಈಗ ತಾನೇ ಹೋಗಿ ನಿಂತಿದ್ದಾರೆ. ಅವಳು ನಕ್ಕು, ಅನ್ನದೊಳಗಿಂದ ಗಂಟು ಹಾಕಿದ ಉದ್ದ ಎಲೆಯನ್ನು ಸೌಟಿನಲ್ಲಿ ಎತ್ತಿ ತೋರಿಸಿದಳು.

"ಅಯ್ಯೋ ಜಲಜ, ಇದು ನಮ್ಮ ಬಾವಿಕಟ್ಟೆಯ ರಂಪೆ ಮಾರಾಯ್ತಿ! ಬಿರಿಯಾನಿಗೆ ಹಾಕುದಲ್ವಾ ನೀನು, ಅದೇ. ಮುಂಡೇವಿನದ್ದೇ ಜಾತಿ, ಮುಳ್ಳಿಲ್ಲ ಅಷ್ಟೆ."

ಆಮೇಲೆ ಉಳಿದ ಎಲ್ಲ ಬೆಳಿಗ್ಗೆಯೂ ನಾವು ಅಲ್ಲಿಯೇ. ಕೇಬಲ್ ಕಾರು, ಹದ್ದಿನ ಮೂರ್ತಿ, ದೋಣಿಯಲ್ಲಿ ದ್ವೀಪ ಸುತ್ತುವುದು, ಎಲ್ಲ ಆಯಿತು, ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಬಾಳೆಲೆಯಿಂದ ನಿಧಾನಕ್ಕೆ ಉಣ್ಣುವ ನನ್ನ ಗಂಡ. ಮಧ್ಯೆ ಎದ್ದು ನಾಲ್ಕು ಪೊಟ್ಟಣ ಕಟ್ಟಿಕೊಡುತ್ತಿದ್ದರು. ಬಾಳೆಲೆ ಮಡಚುವುದರಲ್ಲಿ ಅವಳ ಕೈಗೂ ಇವರ ಕೈಗೂ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಅವಳು ಬಿಡುತ್ತಿರಲಿಲ್ಲ, ಸ್ಟೂಲು ತೋರಿಸಿ "ಕೂತ್ಕೋ" ಎಂದು ಕೈಸನ್ನೆ ಮಾಡುತ್ತಿದ್ದಳು. ಇವರು ಶಾಲೆಯ ಹುಡುಗನಂತೆ ಹೋಗಿ ಕೂರುತ್ತಿದ್ದರು. ಅವರು ಕೂತು ತಿಂಡಿ ತಿಂದದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಆ ನಾಲ್ಕಾರು ಬೆಳಿಗ್ಗೆ ಮಾತ್ರ. ನನಗೆ ಆಗ ಎಷ್ಟು ಸಂತೋಷವಾಗಿತ್ತೆಂದರೆ, ರೂಮಿಗೆ ಬಂದು ಅಕ್ಕನ ಕೈ ಹಿಡಿದು, "ನಿಮ್ಮಿಂದಾಗಿ ಇದೊಂದು ಆಯ್ತು ಅಕ್ಕ" ಎಂದು ಹೇಳಿದ್ದೆ. ಅಕ್ಕ ಕೈ ಬಿಡಿಸಿಕೊಂಡು, ಮಂಡಿಗೆ ಎಣ್ಣೆ ಹಚ್ಚಬೇಕು ಎಂದರು.

ಆ ದಿನಗಳಲ್ಲೇ ನಿತಿನ್ ಇವರ ಫೋನಿಗೆ ಬಣ್ಣದ ಚಿತ್ರಗಳನ್ನು ಕಳಿಸಿದ. ಗೋಡೆಗೆ ಯಾವುದು ಬೇಕು ಮಾಮ, ಕ್ರೀಮಾ, ತಿಳಿ ಹಸಿರಾ, ಹಳದಿಯಾ? ಇವರಿಗೆ ಅದೇ ಒಂದು ದೊಡ್ಡ ಕೆಲಸವಾಯಿತು. ಸಂಜೆ ಬಾಲ್ಕನಿಯಲ್ಲಿ ಅಕ್ಕನ ಪಕ್ಕ ಕೂತು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

"ಹಳದಿ ಆದ್ರೆ ಒಗ್ಗರಣೆ ಕಲೆ ಕಾಣುದಿಲ್ಲ. ಅಲ್ವಾ ಅಕ್ಕ?"

"ನೋಡು ನಿನಗೆ ಕಂಡ ಹಾಗೆ."

"ಹಸಿರು ಹೇಗೆ?"

"ಹಸಿರು ಬೇಡ," ಎಂದರು ಅಕ್ಕ. "ಕತ್ತಲೆ ಆಗ್ತದೆ."

ಹಸಿರು ಬೇಡ ಎಂದರು. ಕೆಡವಲಿದ್ದ ಗೋಡೆಗೆ, ಬಾಯಿಬಿಟ್ಟು, ಹಸಿರು ಬೇಡ ಎಂದರು. ಎಷ್ಟೋ ಸಲ ರೊಟ್ಟಿ ತಟ್ಟುವಾಗ, ಬಟ್ಟೆ ಒಣಗಿಸುವಾಗ ಈ ಮಾತು ನೆನಪಾಗಿ ನನ್ನ ಕೈ ನಿಲ್ಲುತ್ತದೆ.

ಕೊನೆಯ ಬೆಳಿಗ್ಗೆ ಇವರು ಹಟ ಹಿಡಿದು ಅಕ್ಕನನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಮಕ್ಚಿಕ್ ಅಂಗಡಿಗೆ ಕರೆದುಕೊಂಡು ಬಂದರು. ತಾನೇ ಪೊಟ್ಟಣ ಬಿಚ್ಚಿ, ಖಾರವನ್ನು ಬದಿಗೆ ಸರಿಸಿ, ಅಕ್ಕನ ಮುಂದೆ ಇಟ್ಟರು.

"ತಿಂದು ನೋಡು ಅಕ್ಕ. ಎಲೆ ನಮ್ಮಲ್ಲಿ ಉಂಟು. ಕಾಯಿ ಉಂಟು. ಮೀನು ಒಣಗಿಸುದು ನಮಗೆ ಹೇಳಿಕೊಡ್ಬೇಕಾ? ಹೊಸ ಟೈಲ್ಸ್ ಹಾಕಿದ ಮೇಲೆ ಸೋಣದಿಂದ ಭಾನುವಾರ ಮೂಡೆಯ ಜೊತೆಗೆ ಇದನ್ನೂ ಇಡುದು. ಬಂದರಿನವರು ಬಿಡ್ಲಿಕ್ಕಿಲ್ಲ. ಮೊದಲ ಪೊಟ್ಟಣ ನಿನಗೆ. ಕಟ್ಟಡದ ಯಜಮಾನ್ತಿ ಅಲ್ವಾ ನೀನು!"

ಸುಮತಿಯಕ್ಕ ಯಾರ ಅಡಿಗೆಯನ್ನೂ ಹೊಗಳಿದವರಲ್ಲ. ನನ್ನ ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಪಾಯಸಕ್ಕೆ "ಬಿಸಿ ಉಂಟು" ಎಂದಷ್ಟೇ ಹೇಳಿದವರು. ತಮ್ಮನ ಮೂಡೆಯಲ್ಲೂ ಪ್ರತಿ ಭಾನುವಾರ ಒಂದು ಕೊರತೆ ಹುಡುಕುವವರು. ಅವತ್ತು ಅವರು ತಲೆ ಎತ್ತದೆ, ಎಲೆಯಲ್ಲಿ ಒಂದು ಅಗುಳೂ ಬಿಡದೆ ತಿಂದರು. "ಲಾಯ್ಕ್ ಉಂಟು ವಿಶ್ವ" ಎಂದರು. ಇವರು ಹಿಗ್ಗಿ ಹೀರೇಕಾಯಿಯಾದರು. ನನಗೂ ಅದು ಆಶ್ಚರ್ಯವಾಯಿತೇ ಹೊರತು ಸಂಶಯ ಬರಲಿಲ್ಲ.

ಹೊರಡುವಾಗ ಇವರು ಟ್ಯಾಕ್ಸಿಯವನ ಮೂಲಕ ಮಕ್ಚಿಕ್‌ಗೆ ಒಂದು ಮಾತು ಹೇಳಿಸಿದರು. "ನೀನೂ ಒಮ್ಮೆ ನಮ್ಮ ಊರಿಗೆ ಬಾ. ನಮ್ಮ ಹೋಟೆಲಿನಲ್ಲಿ ಕೂತು ಮೂಡೆ ತಿನ್ನು." ಅವಳು ನಕ್ಕು, ಟರ್ಪಾಲಿನ ಕಡೆ ಕೈ ತೋರಿಸಿ ಏನೋ ಅಂದಳು. ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾಳೆ ಎಂದ ಟ್ಯಾಕ್ಸಿಯವನು.

"ಒಂದು ವಾರ ಮುಚ್ಚಿ ಬರ್ಲಿಕ್ಕೆ ಹೇಳು," ಎಂದರು ಇವರು, ರಜೆಯ ರುಚಿ ಹತ್ತಿದವರ ಗತ್ತಿನಲ್ಲಿ. "ನಾನು ಬರ್ಲಿಲ್ವಾ? ಒಂದು ವಾರ ಮುಚ್ಚಿದ್ರೆ ಎಂತ ಆಗ್ತದೆ?"

ಅವಳು ಅನ್ನ ಅಳೆದು ಹಾಕುವ ತೆಂಗಿನ ಚಿಪ್ಪಿನ ಸೌಟುಗಳಲ್ಲಿ ಒಂದನ್ನು ಒರಸಿ, ಪೇಪರಿನಲ್ಲಿ ಸುತ್ತಿ ಇವರಿಗೆ ಕೊಟ್ಟಳು. ಅಂಥದ್ದು ನಮ್ಮ ಊರಿನಲ್ಲಿ ಬೇಕಾದಷ್ಟು ಸಿಗುತ್ತದೆ. ಇವರು ಅದನ್ನು ಬ್ಯಾಗಿಗೆ ಹಾಕದೆ ವಿಮಾನದಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದರು.

ಮಂಗಳೂರಿನಲ್ಲಿ ಇಳಿಯುವಾಗ ಸಂಜೆ, ಆಟಿಯ ಮಳೆ ಧೋ ಎಂದು ಸುರಿಯುತ್ತಿತ್ತು. ನಿತಿನ್ ಬಂದಿರಲಿಲ್ಲ, ಬಾಡಿಗೆ ಕಾರು ಕಳಿಸಿದ್ದ. ನಮ್ಮನ್ನು ಉರ್ವದಲ್ಲಿ ಬಿಟ್ಟು ಅಕ್ಕನನ್ನು ತೊಕ್ಕೊಟ್ಟಿಗೆ ಕರೆದುಕೊಂಡು ಹೋಗಬೇಕು ಎಂದು ಡ್ರೈವರಿಗೆ ಹೇಳಿಯಾಗಿತ್ತು. ಇವರು ಕುದ್ರೋಳಿಗೆ ತಿರುಗಿಸು ಎಂದರು. ಟೈಲ್ಸ್ ನೋಡಿಯೇ ಮನೆಗೆ.

"ನಾಳೆ ನೋಡಿದ್ರೆ ಆಗುದಿಲ್ವಾ ವಿಶ್ವ? ಮಳೆ ಉಂಟು," ಎಂದರು ಅಕ್ಕ.

"ಎರಡು ನಿಮಿಷ ಅಕ್ಕ."

ಬೋರ್ಡ್ ಇರಲಿಲ್ಲ. ಅದು ಇದ್ದ ಕಡೆ ಗೋಡೆಯಲ್ಲಿ ಮೊಳೆಯ ತೂತು ಮಾತ್ರ ಇತ್ತು. ಬಣ್ಣಕ್ಕೆ ಇಳಿಸಿರಬೇಕು ಎಂದು ಇವರು ಹೇಳಿದ್ದು ನನಗೆ ಕೇಳಿಸಿತು. ಶಟರಿಗೆ ಹೊಸ ಬೀಗ. ಬದಿಯ ಕಿಟಕಿಗೆ ಹಣೆ ತಾಗಿಸಿ ಒಳಗೆ ನೋಡಿದರು. ನಾನೂ ನೋಡಿದೆ. ಟೈಲ್ಸ್ ಇಲ್ಲ, ಬಣ್ಣ ಇಲ್ಲ. ಮೇಜಿನ ಕಾಲುಗಳ ಗುರುತು, ಒಲೆ ಕಿತ್ತ ಜಾಗದಲ್ಲಿ ಇಟ್ಟಿಗೆಯ ಪುಡಿ. ಹಿಂದಿನ ಚರಂಡಿಯ ಪಕ್ಕ ಗ್ರೈಂಡರಿನ ಕಲ್ಲು ಬಿದ್ದಿತ್ತು, ಅದರ ಗುಳಿಯಲ್ಲಿ ಮಳೆನೀರು ತುಂಬಿ ಹೊರಗೆ ಹರಿಯುತ್ತಿತ್ತು. ಪಕ್ಕದ ಅಂಗಡಿಯ ಹಮೀದ್ ಬ್ಯಾರಿ ಕೊಡೆ ಹಿಡಿದು ಓಡಿ ಬಂದರು.

"ಎಂತ ವಿಶ್ವಣ್ಣ, ಒಂದು ಮಾತು ಹೇಳದೆ ಬಿಟ್ಟು ಹೋದ್ರಲ್ಲ? ನೀವು ರಿಟೈರ್ ಆದ್ರಿ, ಜಾಗ ಪಕ್ಕದ ಬಿಲ್ಡಿಂಗಿನವರಿಗೆ ಕೊಟ್ಟಾಯ್ತು ಅಂತ ನಿಮ್ಮ ಅಳಿಯ ಹೇಳಿದ. ನಮಗೆಲ್ಲ ಬೇಜಾರಾಯ್ತು. ಇಷ್ಟು ವರ್ಷ ತಿಂದ ನಮಗೆ ಹೇಳ್ಲಿಕ್ಕೆ ಬೇಡ್ವಾ?"

ಇವರು ಕೊಡೆಯ ಕೆಳಗಿಂದ ಹೊರಗೆ ನಡೆದರು. ಕಾರಿನ ಹತ್ತಿರ ಬಂದು, ಅಕ್ಕ ಕೂತಿದ್ದ ಕಡೆಯ ಗಾಜಿಗೆ ಬಾಗಿದರು. ಅಕ್ಕ ಗಾಜು ಇಳಿಸಿದರು. ಅವರು ಅಳುತ್ತಿದ್ದರು. ಅಳಲಿ ಎಂದು ನನಗೆ ಅನಿಸಿತು.

"ನೀನು ಎದುರಲ್ಲಿ ಇದ್ರೆ ನಿನಗೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ವಿಶ್ವ. ನೀನು ಬಿಟ್ಟು ಕೊಡುದಿಲ್ಲ, ಜನ ಸೇರಿಸಿ ಗಲಾಟೆ ಮಾಡ್ತೀಯ ಅಂತ ನಿತಿನ್‌ಗೆ ಹೆದರಿಕೆ. ಅದಕ್ಕೆ ನಾನು... ಒಂದು ವಾರ ಆದ್ರೂ ನೀನು ಖುಷಿಯಲ್ಲಿರು ಅಂತ..."

"ನಿನ್ನದೇ ಅಲ್ವಾ ಅಕ್ಕ. ಕೀ ಕೇಳಿದ್ರೆ ಕೊಡ್ತಿದ್ದೆ. ಒಲೆ ನಾನೇ ಬಿಚ್ಚಿ ಕೊಡ್ತಿದ್ದೆ," ಎಂದರು ಇವರು. ಮಳೆ ಅವರ ಬೆನ್ನ ಮೇಲೆ ಸುರಿಯುತ್ತಿತ್ತು. ಮುಖದ ನೀರು ಒರಸಿಕೊಂಡು, "ಬಣ್ಣ ಯಾಕೆ ಕೇಳಿದ್ದು?" ಎಂದರು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನನಗೆ ನುಂಗಲಾಗದ್ದು ಇದೇ. ನಿತಿನ್ ದುಬೈಯಲ್ಲಿ ಕೂತು ಮಾಮನನ್ನು ಜಗಳಗಂಟ ಎಂದು ಲೆಕ್ಕ ಹಾಕಿರಬಹುದು, ಅವನಿಗೆ ಹೋಟೆಲು ಎಂದರೆ ಜಾಗ. ಅಕ್ಕ ಹಾಗಲ್ಲ. ತಮ್ಮನನ್ನು ಎತ್ತಿ ಆಡಿಸಿದವರು. ಒಂದೇ ತಾಯಿಯ ಮಕ್ಕಳು, ಒಂದೇ ಕಟ್ಟಿನಲ್ಲಿ ಬೆಳೆದವರು. ಹೆಣ್ಣಿನ ದಾರಿಯ ಆಸ್ತಿಗೆ ತಮ್ಮ ಕೈ ಹಾಕುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೇ? ಕೇಳಿದ್ದರೆ ಕೊಡುತ್ತಿದ್ದ ಮನುಷ್ಯನಿಂದ ಕದ್ದರು. ಅದೂ ಸಾಲದೆಂದು ಅವನಿಗೆ ಒಳ್ಳೆಯ ತಿಂಡಿ ತಿನ್ನಿಸಿ, ಅವನ ಆಸೆಗೆ ತಲೆ ಆಡಿಸಿ, ಲಾಯ್ಕ್ ಉಂಟು ಎಂದರು. ಶಾಲೆಯಲ್ಲಿ ಕ್ಷಮೆ ಎಂಬ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಈ ವಿಷಯದಲ್ಲಿ ನನಗೆ ಆ ವಾಕ್ಯ ಬರುವುದಿಲ್ಲ, ಬರುವುದೂ ಬೇಡ.

ಹೋಟೆಲು ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಬೇರೆ ಕಡೆ ಬಾಡಿಗೆಗೆ ನೋಡುವ ಎಂದು ಬೇರೆ ಊರಿನಲ್ಲಿರುವ ನಮ್ಮ ಮಗಳೂ ಫೋನಿನಲ್ಲಿ ಹೇಳಿದಳು, ನಾನೂ ಹೇಳಿದೆ. ಇವರು ಆಯಿತು ಆಯಿತು ಎಂದರೇ ಹೊರತು ಒಂದು ದಿನವೂ ಹೊರಟು ನೋಡಲಿಲ್ಲ. ಈಗಲೂ ನಸುಕಿಗೇ ಎದ್ದು, ಒಲೆ ಹಚ್ಚಿ, ಇಬ್ಬರಿಗೆ ಎರಡು ದೋಸೆ ಹೊಯ್ಯುತ್ತಾರೆ. ನನ್ನದನ್ನು ಮೇಜಿಗೆ ತಂದಿಡುತ್ತಾರೆ, ತನ್ನದನ್ನು ಒಲೆಯ ಪಕ್ಕ ನಿಂತು ತಿನ್ನುತ್ತಾರೆ. ಕೊಡಲು ಗಿರಾಕಿ ಯಾರೂ ಇಲ್ಲ, ಆದರೂ ಕೂರುವುದಿಲ್ಲ. ನಾನು ಹೇಳುವುದನ್ನೂ ಬಿಟ್ಟಿದ್ದೇನೆ.

ಅಕ್ಕನ ಜೊತೆ ಮಾತು ಬಿಡಲಿಲ್ಲ ಇವರು. ಅದೂ ನನಗೆ ಸಿಟ್ಟು. ಪ್ರತಿ ಅಷ್ಟಮಿಗೆ ಅಕ್ಕ ತೊಕ್ಕೊಟ್ಟಿನಿಂದ ಬರುತ್ತಾರೆ, ತಮ್ಮನ ಕೈಯ ಮೂಡೆ ತಿನ್ನುತ್ತಾರೆ. ಈಗ ಕೊರತೆ ಹುಡುಕುವುದಿಲ್ಲ, ಪ್ರತಿ ಸಲ ಚೆನ್ನಾಗಿದೆ ಎನ್ನುತ್ತಾರೆ. ಹೋದ ವರ್ಷ ಅಂಗಳದಲ್ಲಿ ಕೂತು, "ವಿಶ್ವ, ಅಲ್ಲಿ ತಿಂದದ್ದಲ್ವಾ ಆ ಕಾಯಿಹಾಲಿನ ಅನ್ನ, ಒಮ್ಮೆ ಮಾಡು. ನಾಲಿಗೆಯಲ್ಲಿ ಇನ್ನೂ ಉಂಟು ಅದರ ರುಚಿ," ಎಂದರು.

"ಆಗುದಿಲ್ಲ ಅಕ್ಕ," ಎಂದರು ಇವರು. "ಆ ಎಲೆ ಇಲ್ಲಿ ಸಿಕ್ಕುದಿಲ್ಲ."

ಅಕ್ಕ ಕೂತಲ್ಲಿಂದ ನಾಲ್ಕು ಮಾರು ಆಚೆ ಬಾವಿಕಟ್ಟೆ. ಅದರ ಸುತ್ತ ರಂಪೆ ಪೊದೆಯಾಗಿ ಬೆಳೆದಿತ್ತು. ಇವರು ಅಕ್ಕನಿಗೆ ಹೇಳಿದ ಒಂದೇ ಸುಳ್ಳು ಅದು ಇರಬೇಕು.

ನಿನ್ನೆ ನಾನು ಕೊಟ್ಟೆಯ ಚೀಲವನ್ನು ಅಡಿಗೆಕೋಣೆಯಲ್ಲಿ ಇಳಿಸಿದಾಗ ಇವರು ಉದ್ದು ತೊಳೆಯುತ್ತಿದ್ದರು. ಕೈ ಒರಸಿಕೊಂಡು ಬಂದು ಒಂದು ಕೊಟ್ಟೆ ಎತ್ತಿ ಮೂಗಿಗೆ ಹಿಡಿದರು. ಗೋಡೆಯ ಮೊಳೆಯಲ್ಲಿ ಆ ಚಿಪ್ಪಿನ ಸೌಟು ತೂಗುತ್ತಿತ್ತು. ಅದರಲ್ಲಿ ಇವತ್ತಿನವರೆಗೆ ಅನ್ನ ಬಡಿಸಿಲ್ಲ.

"ಆ ಮಕ್ಚಿಕ್ ಈಗಲೂ ಅಂಗಡಿ ಇಡ್ತಾಳೋ ಏನೋ," ಎಂದರು.

"ಇಡ್ತಾಳೆ. ಇಡದೆ ಎಲ್ಲಿ ಹೋಗ್ತಾಳೆ?"

"ಒಂದು ವಾರ ಮುಚ್ಚಿ ಬಾ ಅಂತ ನಾನು ಹೇಳಿದ್ದೆ ಅವಳಿಗೆ. ನೆನಪುಂಟಾ ನಿನಗೆ?"

"ಉಂಟು."

ಸಡಿಲವಾಗಿದ್ದ ಕಡ್ಡಿಯೊಂದನ್ನು ಬಿಗಿಯಾಗಿ ಚುಚ್ಚಿ, ಕೊಟ್ಟೆಯನ್ನು ಉಳಿದವುಗಳ ಸಾಲಿನಲ್ಲಿ ಇಟ್ಟರು.

"ಬರ್ಲಿಲ್ಲ ಅಲ್ವಾ ಅವಳು," ಎಂದರು. "ಒಳ್ಳೆದಾಯ್ತು."